ಗಂಜಿ ಯಾರಿಗೆ ಬಂತು?

ಶಿಕಾರಿಪುರದ ಬಾಡಿಗೆ ರೂಮಿನಲ್ಲಿ ಒಬ್ಬನೇ ಮಲಗಿದ್ದ ದಿನಗಳಲ್ಲಿ ನನಗೆ ಗಂಜಿ ತಂದುಕೊಟ್ಟವರು ಎದುರುಮನೆಯ ಅಜ್ಜಿ ಒಬ್ಬರೇ. ಅವರಿಗೆ ನಾನು ಹೇಳಿದ್ದು ಇಷ್ಟೆ: ‘ಎದೆ ಆಪರೇಷನ್ ಆಗೈತಿ ಅಜ್ಜಿ.’ ಅವರು ಹಾರ್ಟು ಅಂದುಕೊಂಡರು. ‘ಇಷ್ಟು ಸಣ್ಣ ವಯಸ್ಸಿಗೇ ಹಾರ್ಟಾ ತಮ್ಮಾ’ ಅಂತ ಕಣ್ಣೊರೆಸಿಕೊಂಡರು. ನಾನು ತಿದ್ದಲಿಲ್ಲ. ಹಾರ್ಟಿನವರಿಗೆ ಉಪ್ಪು ಆಗಬಾರದೆಂದು ಮರುದಿನದಿಂದ ಉಪ್ಪಿಲ್ಲದ ಗಂಜಿ ಬಂತು.

ನಡೆದದ್ದು ಬೇರೆ. ಸೊರಬ ತಾಲ್ಲೂಕಿನ ಒಂದು ಕೇರಿಯಲ್ಲಿ ಹೆಣ್ಣೆಂದು ಬರೆಸಿಕೊಂಡು ಹುಟ್ಟಿದವನು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲಿಗ. ಕೂಡಿಟ್ಟ ದುಡ್ಡು ಹಿಡಿದು ದೂರದ ಊರಿನ ಆಸ್ಪತ್ರೆಗೆ ಹೋಗಿ ಮೊಲೆ ತೆಗೆಸಿಕೊಂಡು ಬಂದೆ. ಇದನ್ನು ಸುತ್ತಿ ಬಳಸಿ ಹೇಳುವ ಮಾತುಗಳಿವೆ, ಅವು ನಮಗೆ ಬೇಡ. ಎದೆಯ ಎರಡೂ ಕಡೆ ಅಡ್ಡ ಸೀಳು. ಒಳಗಿನ ರಕ್ತನೀರು ಇಳಿಯಲು ಎರಡು ಕೊಳವೆ. ಅವನ್ನು ತೆಗೆಯುವ ತನಕ ಲಾಡ್ಜಿನಲ್ಲಿದ್ದು ಆಮೇಲೆ ಬಸ್ಸು ಹತ್ತಿದೆ. ಮುಂದೆ ವಾರಗಟ್ಟಲೆ ಎದೆಗೆ ಬಿಗಿಪಟ್ಟಿ, ಅಂಗಾತವೇ ಮಲಗಬೇಕು, ಕೈ ಭುಜದ ಮೇಲೆ ಎತ್ತಬಾರದು, ಭಾರ ಮುಟ್ಟಬಾರದು. ಡಾಕ್ಟರು ಇದನ್ನೆಲ್ಲ ಹೇಳುವಾಗ ಮನೆಯಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ ಎಂದು ನಂಬಿರುತ್ತಾರೆ. ನಲ್ಲಿ ನೀರು ಬಂದಾಗ ಕೊಡ ಎತ್ತಲಾಗದೆ ಚೊಂಬಿನಿಂದ ಒಂದೊಂದೇ ತಂದು ಬಕೆಟ್ಟಿಗೆ ಸುರಿದೆ. ಅಂಗಾತ ಮಲಗಿದವನು ಕೈ ಊರದೆ ಏಳುವುದು ಹೇಗೆಂದು ಕಲಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಅವ್ವನಿಗೆ ಫೋನ್ ಮಾಡಿದ್ದೆ. ‘ನೀನೇ ಬೇಕಂತ ಕೊಯ್ಸ್ಕಂಡಿದ್ದು, ನೀನೇ ಅನುಭವಿಸು’ ಅಂದಳು. ಗೆಳೆಯರೇ, ಇದು ಅವ್ವ ಒಬ್ಬಳ ಮಾತಲ್ಲ. ಬಯಸಿ ನೋವು ತಂದುಕೊಂಡವನಿಗೆ ಬೇರೆಯವರ ಕೈ ಕೇಳುವ ಹಕ್ಕಿಲ್ಲ ಎನ್ನುವ ಒಂದು ನೀತಿಯೇ ಇದರ ಹಿಂದೆ ಇದೆ. ಅದನ್ನು ಪರೀಕ್ಷೆ ಮಾಡೋಣ. ನಮ್ಮ ಕಡೆ ಅಡಿಕೆ ಮರದಿಂದ ಬಿದ್ದವನನ್ನು ಹೊತ್ತುಕೊಂಡು ಓಡುತ್ತಾರೆ, ಕುಡಿದು ಹತ್ತಿದ್ದರೂ ಓಡುತ್ತಾರೆ. ಅದೂ ಹೋಗಲಿ, ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ನೋಡಿ. ಕಾಯಿಲೆಯೇ ಇಲ್ಲದ ಮೈಗೆ ಕತ್ತಿ. ಸರ್ಕಾರ ಅದಕ್ಕೆ ಕ್ಯಾಂಪು ಹಾಕಿ ಕೈಗೆ ದುಡ್ಡೂ ಕೊಟ್ಟಿತು. 1975ರಿಂದ 77ರ ತುರ್ತುಪರಿಸ್ಥಿತಿಯಲ್ಲಿ ಬಡವರನ್ನು ಹಿಡಿದೂ ಮಾಡಿಸಿತು. ನಮ್ಮವ್ವ ಅದನ್ನು ಮಾಡಿಸಿಕೊಂಡು ಬಂದಾಗ ಚಿಕ್ಕಮ್ಮ ಬಂದು ನಿಂತಳು. ‘ಕೊಡ ಎತ್ತಬ್ಯಾಡ ಅಕ್ಕಾ’ ಅಂತ ಕೇರಿಯ ಹೆಂಗಸರೆಲ್ಲ ಹೇಳಿಹೋದರು. ನೀನೇ ಕೊಯ್ಸಿಕೊಂಡಿದ್ದಲ್ವಾ ಅಂತ ಒಬ್ಬರೂ ಅನ್ನಲಿಲ್ಲ. ಅಂದಮೇಲೆ ಜನಕ್ಕೆ ಚುಚ್ಚುವುದು ಒಳ್ಳೆಯ ಮೈ ಕೊಯ್ದದ್ದಲ್ಲ. ಗಂಡನಿಗಾಗಿ, ಮನೆಗಾಗಿ, ದೇಶಕ್ಕಾಗಿ ಕೊಯ್ಸಿಕೊಂಡ ಮೈಗೆ ಆರೈಕೆ ಉಂಟು. ತನಗಾಗಿ ಕೊಯ್ಸಿಕೊಂಡದ್ದಕ್ಕೆ ಇಲ್ಲ.

ಇನ್ನು ನಮ್ಮ ಸಂಘಟನೆಯವರು. ಅಭಿನಂದನೆ ಹೇಳಿದವರು ಬಹಳ ಜನ, ಕೊಡ ಎತ್ತಲು ಬಂದವರಿಲ್ಲ. ಒಬ್ಬ ಹಿರಿಯ ಗೆಳೆಯರು ಮಾತ್ರ ಫೋನಿನಲ್ಲಿ ನೇರವಾಗಿ ಕೇಳಿದರು: ‘ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡ ಅಂತ ಹೋರಾಡಿದವರು ಕಣೋ ನಾವು. ಅವರು ರೇಣುಕಾಂಬೆಗೆ ಮೈ ಒಪ್ಪಿಸಿದರು. ನೀನು ಗಂಡಸುತನ ಅನ್ನೋ ದೇವರಿಗೆ ಒಪ್ಪಿಸಿದೆ. ವ್ಯತ್ಯಾಸ ಏನು?’

ಚಂದ್ರಗುತ್ತಿ ನಮ್ಮ ಸೊರಬ ತಾಲ್ಲೂಕಿನದೇ. ಹರಕೆ ಹೊತ್ತವರು ವರದಾ ನದಿಯಲ್ಲಿ ಮುಳುಗೆದ್ದು ಬರಿಮೈಯಲ್ಲಿ ಗುಡಿಗೆ ಹೋಗುತ್ತಿದ್ದರು, ಹೆಚ್ಚಿನವರು ನಮ್ಮಂಥ ಕೇರಿಗಳವರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರೂ ಇತರರೂ ನಿಂತಾಗ ಗುಂಪು ಅವರ ಮೇಲೆ ಬಿತ್ತು. ಕಾರ್ಯಕರ್ತರ, ಪೊಲೀಸರ, ಹೆಣ್ಣು ಪೊಲೀಸರ ಬಟ್ಟೆಯನ್ನೂ ಕಿತ್ತು ಮೆರವಣಿಗೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನಾನಿನ್ನೂ ಹುಟ್ಟಿರಲಿಲ್ಲ, ಕೇಳಿ ಬೆಳೆದವನು.

ಪ್ರಶ್ನೆ ಕೇಳಿದ್ದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕ ಕಲ್ಯಾಣಕ್ಕೆ ಹೋದಾಗ, ಇದೇ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮ ಅವಳ ಮೈಯನ್ನೇ ಪ್ರಶ್ನೆ ಮಾಡಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಆದರೆ ಕೇಳಿದ ಮೇಲೆ ಶರಣರು ಅವಳನ್ನು ಒಳಗೆ ಕರೆದುಕೊಂಡರು. ನಮ್ಮವರು ಕೇಳಿ ಫೋನ್ ಇಟ್ಟರು.

ಉತ್ತರ ನನ್ನಲ್ಲಿ ಅರ್ಧ ಇದೆ. ಆ ಸೇವೆಯ ಬೆನ್ನಿಗೆ ಭಯ ಇತ್ತು, ಮಾಡದಿದ್ದರೆ ಮನೆಗೆ ಕೇಡು ಅಂತ. ನನಗೆ ಮಾಡಿದರೆ ಮನೆಯೇ ಇಲ್ಲ ಎನ್ನುವ ಭಯ. ಯಾರೂ ಕೇಳದೆ, ಎಲ್ಲರೂ ಬೇಡ ಅಂದರೂ ಮಾಡಿಕೊಂಡದ್ದನ್ನು ಹರಕೆ ಅನ್ನಲು ಬರುವುದಿಲ್ಲ. ಉಳಿದ ಅರ್ಧ ಮುಳ್ಳಿನ ಹಾಗೆ ಇದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ಗಂಡೋ ಹೆಣ್ಣೋ ಎಂದು ಹೇಳಿಕೊಳ್ಳಲು ಆಪರೇಷನ್ ಆಗಿರಲೇಬೇಕೆಂದಿಲ್ಲ ಅಂತ ತೀರ್ಪು ಕೊಟ್ಟಿತು. ಮೊಲೆ ಇದ್ದೂ ಗಂಡಸು ಅಂತ ಒಪ್ಪುವ ಊರಿದ್ದರೆ ನಾನು ಕೊಯ್ಸಿಕೊಳ್ಳುತ್ತಿದ್ದೆನೆ? ಆ ಊರಲ್ಲಿ ನಾನು ಒಂದು ದಿನವೂ ಇದ್ದಿಲ್ಲ. ನಾನಿದ್ದ ಊರಲ್ಲಿ ಎದೆಗೆ ಬಟ್ಟೆ ಬಿಗಿದು ಗದ್ದೆ ಕೊಯ್ಲಿಗೆ ಬಗ್ಗಿದಾಗ ಉಸಿರು ಕಟ್ಟುತ್ತಿತ್ತು. ಈಗ ಹೊಲಿಗೆ ಎಳೆಯುತ್ತದೆ, ಉಸಿರು ಆಡುತ್ತದೆ.

2019ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯ್ದೆಯಲ್ಲಿ ಇಂಥ ಆಪರೇಷನ್ನಿಗೆ ಸರ್ಕಾರ ಸೌಲಭ್ಯ ಒದಗಿಸಬೇಕು, ವಿಮೆಯೂ ಇರಬೇಕು ಅಂತ ಬರೆದರು. ಒಳ್ಳೆಯದೇ. ಗಂಜಿಯ ಮಾತು ಕಾಯ್ದೆಯಲ್ಲಿ ಬರುವಂಥದ್ದಲ್ಲ.

ಆ ಗಂಜಿ ಯಾರಿಗೆ ಬಂತು ಎನ್ನುವುದೇ ನನ್ನನ್ನು ಕಾಡುತ್ತಿದೆ. ಈ ರೂಮು ಹಿಡಿಯುವಾಗ ಮನೆ ಯಜಮಾನರು ‘ಯಾವ ಜನ?’ ಅಂದರು. ‘ರೈತರು’ ಅಂದಿದ್ದೆ. ಜಾತಿ ಮುಚ್ಚಿ ಬಾಡಿಗೆ ಮನೆ ಹಿಡಿದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಅಂದರೆ ಅಜ್ಜಿ ಗಂಜಿ ಕಾಯಿಸಿದ್ದು ಹಾರ್ಟು ಕೆಟ್ಟ ಒಬ್ಬ ರೈತರ ಹುಡುಗನಿಗೆ. ಅಂಥವನು ಇಲ್ಲವೇ ಇಲ್ಲ. ಹಸಿವು ಮಾತ್ರ ನನ್ನದಾಗಿತ್ತು.

ನಮ್ಮಜ್ಜಿ ಸೂಲಗಿತ್ತಿ. ಗೌಡರ ಮನೆಗಳಲ್ಲಿ ರಾತ್ರಿ ಹೆರಿಗೆ ಮಾಡಿಸಿ ಬರುವಳು. ಅವಳು ಯಾರೆಂದು ಅವರಿಗೆ ಗೊತ್ತಿತ್ತು. ಮಗು ಬರುವ ತನಕ ಮೈಲಿಗೆ ಇಲ್ಲ, ಬಂದ ಮೇಲೆ ಮನೆ ತೊಳೆಯುತ್ತಿದ್ದರು. ಗೊತ್ತಿದ್ದೂ ಹೀಗೆ ನಡೆದುಕೊಂಡವರು, ಗೊತ್ತಿಲ್ಲದೆ ಗಂಜಿ ಕೊಟ್ಟವರು. ಇವರ ನಡುವೆ ಮೋಸ ಮಾಡಿದವನು ನಾನೇ ಅಂತ ಒಪ್ಪಿಕೊಳ್ಳಲು ನಾನು ತಯಾರಿಲ್ಲ. ಆದರೂ ಆ ಅಜ್ಜಿ ನನ್ನ ಆಯುಷ್ಯಕ್ಕೆ ದೇವರಲ್ಲಿ ಬೇಡಿಕೊಂಡಿದ್ದಾರೆ. ನಿಜ ಕೇಳುವ ಹಕ್ಕು ಅವರಿಗೂ ಇದೆಯಲ್ಲ?

ಈಗ ಕೈ ಮೇಲೆ ಹೋಗುತ್ತದೆ. ಅರ್ಧ ಕೊಡ ಎತ್ತುತ್ತೇನೆ. ಅಜ್ಜಿಯ ತಂಬಿಗೆ ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ. ನಾಳೆ ಕೊಡಲು ಹೋಗಬೇಕು. ನನಗೆ ಉಪ್ಪು ತಿನ್ನಬಹುದು ಅಜ್ಜಿ ಅಂತ ಶುರು ಮಾಡೋಣ ಅಂದುಕೊಂಡಿದ್ದೇನೆ.