ಮೌತ್‌ಪೀಸ್ ಬದಲಾದರೆ ನಾದವೂ ಬೇರೆಯೇ?

1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಚನ್ನಪಟ್ಟಣದ ಉಕ್ಕಿನ ತಂತಿಯನ್ನು ಮೆಚ್ಚಿ ಬರೆದಿದ್ದಾನೆ. ವಾದ್ಯಗಳಿಗೆ ಬಿಗಿಯುವ ಆ ತಂತಿ ದೇಶದ ದೂರದ ಮೂಲೆಗಳಿಗೂ ಹೋಗುತ್ತಿತ್ತಂತೆ. ಈಗ ಆ ಊರೆಂದರೆ ಅರಗಿನ ಗೊಂಬೆ. ತಂತಿ ಎಬ್ಬಿಸುವ ಪ್ರಶ್ನೆ ಮಾತ್ರ ಹಳತಾಗಿಲ್ಲ: ಅದೇ ಷಡ್ಜ ಒಂದರಲ್ಲಿ ಹೊಳೆಯುತ್ತದೆ, ಇನ್ನೊಂದರಲ್ಲಿ ಮಂಕು. ಆ ಹೊಳಪು ಸ್ವರದ್ದೋ, ತಂತಿಯದ್ದೋ?

ಸ್ಯಾಕ್ಸೊಫೋನ್ ನುಡಿಸುವವರಿಗೆ ಇದು ನಿತ್ಯದ ತಲೆನೋವು. ಶಾಸ್ತ್ರೀಯ ವಾದಕರಲ್ಲಿ ಹೆಸರಾದ ಸೆಲ್ಮರ್ ಎಸ್80 ಸಿ-ಸ್ಟಾರ್ ಆಲ್ಟೊ ಮೌತ್‌ಪೀಸಿನ ತುದಿಗೂ ರೀಡಿಗೂ ನಡುವಿನ ಸಂದು 1.7 ಮಿ.ಮೀ. ಜಾಝ್‌ನವರದು ಸಾಮಾನ್ಯವಾಗಿ ಇನ್ನೂ ಅಗಲ. ಒಳಮಾಡು ರೀಡಿನತ್ತ ಉಬ್ಬಿದ್ದರೆ ದನಿ ಮೊನಚಾಗುತ್ತದೆ. ಒಳಗಿನ ಪೊಳ್ಳು ವಿಶಾಲವಾಗಿದ್ದರೆ ದುಂಡಗಾಗುತ್ತದೆ. 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ ಅಡಾಲ್ಫ್ ಸ್ಯಾಕ್ಸ್‌ಗೆ ಬೇಕಿದ್ದದ್ದು ಆ ದುಂಡು ದನಿಯೇ. ಸ್ಯಾಕ್ಸೊಫೋನ್ ವಾದಕ ಸಿಗುರ್ಡ್ ರಾಷರ್ ಬದುಕಿನುದ್ದಕ್ಕೂ ಅದರ ಪರ ವಾದಿಸಿದ. ಎಬೊನೈಟೋ ಲೋಹವೋ ಎಂದು ವಾದಕರು ಎಷ್ಟೇ ಜಗಳವಾಡಲಿ, ಧ್ವನಿವಿಜ್ಞಾನ ಹೆಚ್ಚು ಬೆಲೆ ಕೊಡುವುದು ಒಳಗಿನ ಆಕಾರಕ್ಕೆ. ಅಂದರೆ, ದುಡ್ಡು ಕೊಟ್ಟು ತರುವುದು ಹದವಾಗಿ ಕೊರೆದ ಖಾಲಿ ಜಾಗವನ್ನು!

ನ್ಯಾಯ ದರ್ಶನದ ನೈಯಾಯಿಕರಿಗೆ ಇದು ಹಿಡಿಸುತ್ತಿತ್ತು. ಅವರ ಲೆಕ್ಕದಲ್ಲಿ ಶಬ್ದ ಆಕಾಶದ ಗುಣ, ಹುಟ್ಟುತ್ತದೆ, ಅಳಿಯುತ್ತದೆ. ಹಾಗಾದರೆ ಮೌತ್‌ಪೀಸ್ ಬದಲಾದಾಗ ಹುಟ್ಟುವ ಶಬ್ದವೇ ಬೇರೆ.

ಮೀಮಾಂಸಕರು ಒಪ್ಪರು. ಶಬ್ದ ನಿತ್ಯ, ಗಾಳಿ ಅದನ್ನು ತೋರಿಸಿಕೊಡುತ್ತದೆ ಅಷ್ಟೇ. ಹಲವರು ಒಟ್ಟಿಗೆ ಉಚ್ಚರಿಸಿದರೆ ಶಬ್ದ ಬೆಳೆಯುತ್ತದಲ್ಲ, ಬೆಳೆಯುವಂಥದ್ದು ನಿತ್ಯ ಹೇಗೆ ಎಂಬ ಆಕ್ಷೇಪಕ್ಕೆ ಮೀಮಾಂಸಾ ಸೂತ್ರಕಾರ ಜೈಮಿನಿಯ ಉತ್ತರ ಚುರುಕಾಗಿದೆ: ಬೆಳೆದದ್ದು ನಾದ, ಶಬ್ದವಲ್ಲ.

ಈ ವಾದವನ್ನು ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿಗೆ ಒಯ್ದು ನೋಡಬಹುದು. ಅಲ್ಲಿನ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ‘ಜಗದೋದ್ಧಾರನ’ ಹಾಡಿದರೆಂಬ ನಂಬಿಕೆ ಇದೆ. ಕಾಪಿ ರಾಗದ ಆ ಪದ ನಾಗಸ್ವರದಲ್ಲಿ ಬಂದರೂ ಸ್ಯಾಕ್ಸೊಫೋನಿನಲ್ಲಿ ಬಂದರೂ ಭಕ್ತರಿಗೆ ಅದೇ ಪದ. ಇಲ್ಲಿಯವರೆಗೆ ಗೆಲುವು ಜೈಮಿನಿಗೆ.

ಆದರೆ ಮೀಮಾಂಸಕರ ಕಾಳಜಿ ವೇದದ ಮಾತು. ನಾದವನ್ನು ಬಿಟ್ಟುಕೊಟ್ಟರೂ ಅವರಿಗೆ ಅರ್ಥ ಉಳಿಯುತ್ತದೆ. ವಾಲಗದವರಿಗೆ ಆ ಅನುಕೂಲವಿಲ್ಲ. ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥ್ (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೋಮ್ಸ್ ವೇದಿಕೆಗೂ ಅದನ್ನು ಕೊಂಡೊಯ್ದರು. ಕೀಲಿಗಳು ಸ್ವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವ ವಾದ್ಯದಲ್ಲಿ ಅವರು ಗಮಕ ಒಲಿಸಿಕೊಂಡದ್ದಕ್ಕೆ ತುಟಿ, ಉಸಿರುಗಳ ವರ್ಷಗಟ್ಟಲೆ ದುಡಿಮೆ ಬೇಕಾಯಿತು. ಕಾಪಿಯ ಗಾಂಧಾರ ತೂಗಾಡದಿದ್ದರೆ ಕಾಪಿಯೇ ಅಲ್ಲ. ಆ ತೂಗಾಟ ಯಾವ ಮೌತ್‌ಪೀಸಿನೊಳಗೂ ಮೊದಲೇ ಕೂತಿರಲಿಲ್ಲ. ನಾದದ ಬಣ್ಣದ ಮಟ್ಟಿಗಾದರೂ ನೈಯಾಯಿಕರ ಮಾತು ಹೆಚ್ಚು ನಂಬುವಂತಿದೆ: ಪ್ರತಿ ಊದಿಗೂ ಅದು ಹೊಸದಾಗಿ ಹುಟ್ಟಬೇಕು, ಮೌತ್‌ಪೀಸ್ ಕೊಡುವುದು ಜಾಗ ಮಾತ್ರ.