ಒಂದೇ ಬಣ್ಣದ ಗಾಡಿ

ನಮ್ಮ ಸದಲಗಾ ಊರಿಗೆ ರೈಲು ಇಲ್ಲ. ದೂಧಗಂಗೆ ಇದೆ, ಕಬ್ಬಿನ ಹೊಲಗಳಿವೆ, ಬಸದಿಗಳಿವೆ. ಹಳಿ ಮಾತ್ರ ಇಲ್ಲ. ರೈಲು ಹಿಡಿಯಬೇಕಾದರೆ ಇತ್ತ ರಾಯಬಾಗಕ್ಕೋ ಕುಡಚಿಗೋ ಹೋಗಬೇಕು, ಇಲ್ಲವೆ ಗಡಿ ದಾಟಿ ಮಿರಜಿಗೆ ಹೋಗಬೇಕು. 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣವೊಂದು ಇದೆಯಾದರೂ ಅದು ಚಿಕ್ಕೋಡಿ ಪಟ್ಟಣದಿಂದ ಬಹು ದೂರ. ಹೆಸರನ್ನು ನಂಬಿ ಅಲ್ಲಿ ಇಳಿದ ಹೊಸಬನಿಗೆ ದೊರೆಯುವುದು ಚಿಕ್ಕೋಡಿಯಲ್ಲ, ಚಿಕ್ಕೋಡಿಯ ದಾರಿ. ಮನೆಯ ಮುಂದೆ ದಿನವೂ ಗಾಡಿ ಹೋಗುವವರು ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ರೈಲಿಲ್ಲದ ಊರಿನವರಾದ ನಮಗೆ ಅದರ ಮೇಲೆ ಒಂದು ಬಗೆಯ ಮೋಹ.

ನಾನು ಹುಡುಗನಾಗಿದ್ದ 1980ರ ದಶಕದಲ್ಲಿ ಮಿರಜ–ಲೋಂಡಾ ಮಾರ್ಗ ಇನ್ನೂ ಮೀಟರ್ ಗೇಜಿನದಾಗಿತ್ತು. ತಂದೆಯವರ ಬೆರಳು ಹಿಡಿದು ರಾಯಬಾಗದ ಕಟ್ಟೆಯ ಮೇಲೆ ನಿಂತು ನೋಡಿದ ಆ ಗಾಡಿಯ ಬಣ್ಣ ಇಂದಿಗೂ ಕಣ್ಣಿನಲ್ಲಿದೆ: ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಒಂದೇ ಇಟ್ಟಿಗೆಗೆಂಪು. ಒಬ್ಬನೇ ಕುಂಬಾರನ ಕೈಯಿಂದ ಬಂದ ಮಡಕೆಗಳ ಸಾಲಿನಂತೆ ಅದು ಕಾಣುತ್ತಿತ್ತು. ಮಿರಜಿಗೆ ಹೋದರೆ ಅಲ್ಲಿಯೂ ಪುಣೆಯ ಕಡೆಯ ಗಾಡಿಗೆ ಅದೇ ಕೆಂಪು. ಆದರೆ ಬಣ್ಣ ಒಂದೇ ಆದರೂ ಹಳಿ ಬೇರೆ. ನಮ್ಮದು ಒಂದು ಮೀಟರಿನದು, ಪುಣೆಯ ಕಡೆಯದು ಐದೂವರೆ ಅಡಿಯದು, ಕುರ್ಡುವಾಡಿಯ ಕಡೆಗೆ ಎರಡೂವರೆ ಅಡಿಯದು. ಗಂಟುಮೂಟೆ ಹೊತ್ತುಕೊಂಡು, ಮಕ್ಕಳನ್ನು ಎಳೆದುಕೊಂಡು, ಒಂದು ಕೆಂಪು ಗಾಡಿಯಿಂದ ಇಳಿದು ಇನ್ನೊಂದು ಕೆಂಪು ಗಾಡಿಗೆ ಓಡುವ ಜನರನ್ನು ನೋಡುತ್ತಿದ್ದೆ. ಬಣ್ಣ ಒಂದಾದ ಮಾತ್ರಕ್ಕೆ ದಾರಿ ಒಂದಾಗುವುದಿಲ್ಲವೆಂಬ ಪಾಠ ಅಲ್ಲಿಯೇ ಇತ್ತು. ಕಲಿಯುವ ವಯಸ್ಸು ನನ್ನದಾಗಿರಲಿಲ್ಲ.

ಕಲಿತದ್ದು ಬಹಳ ತಡವಾಗಿ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಪ್ರಯಾಣ ಹೊರಟಿದ್ದೆ. ಕಾಯ್ದಿರಿಸಿದ ಡಬ್ಬಿ, ಕಿಟಕಿಯ ಪಕ್ಕದ ಜಾಗ. ಗಾಡಿಗೆ ಆಗಷ್ಟೆ ಹೊಸ ಡಬ್ಬಿಗಳು ಬಂದಿದ್ದವು. ಉದ್ದಕ್ಕೂ ಕೆಂಪು, ನಡುವೆ ಬೂದು. ಎದುರಿಗೆ ಕುಳಿತವರೊಡನೆ ಅದರ ಅಂದವನ್ನು ಹೊಗಳುತ್ತಿದ್ದೆ. ಹಳೆಯ ನೀಲಿ ಡಬ್ಬಿಯೊಂದು, ಹೊಸ ಕೆಂಪು ಡಬ್ಬಿಯೊಂದು ಎಂಬ ತೇಪೆಯಿಲ್ಲದೆ ಗಾಡಿ ಒಂದೇ ಸಮನಾಗಿ ಕಾಣುವುದು ನಾಗರಿಕತೆಯ ಲಕ್ಷಣವೆಂದೂ ಹೇಳಿದೆನೆಂದು ನೆನಪು. ಅಷ್ಟರಲ್ಲಿ ಒಂದು ಸಣ್ಣ ನಿಲ್ದಾಣದಲ್ಲಿ ಒಬ್ಬ ಮುದುಕಿ, ಏಳೆಂಟು ವರ್ಷದ ಮೊಮ್ಮಗನನ್ನು ಮುಂದೆ ನೂಕಿಕೊಂಡು, ಏದುಸಿರು ಬಿಡುತ್ತ ಒಳಗೆ ಬಂದಳು. ಗಾಡಿ ಹೊರಟಿತು. ಸ್ವಲ್ಪ ಹೊತ್ತಿನಲ್ಲಿ ಟಿಕೆಟ್ ತಪಾಸಣೆಯವರು ಬಂದರು.

"ಆಯೀ, ಇದು ನಿಮ್ಮ ಡಬ್ಬಿ ಅಲ್ಲ. ನಿಮ್ಮದು ಜನರಲ್ ತಿಕೀಟು. ಮುಂದಿನ ಸ್ಟೇಶನ್ನಿನ್ಯಾಗ ಇಳದು ಆ ಡಬ್ಬಿಗಿ ಹೋಗ್ರಿ."

ಮುದುಕಿ ಅವರ ಮುಖ ನೋಡಿ, "ಬಣ್ಣ ಎಲ್ಲಾದಕ್ಕೂ ಒಂದ ಐತೆಲ್ರೀ ಸಾಹೇಬರ, ನನಗ ಹ್ಯಾಂಗ ತಿಳೀಬೇಕ?" ಎಂದಳು.

ಡಬ್ಬಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮುಂದಿನ ನಿಲ್ದಾಣದಲ್ಲಿ ಗಾಡಿ ನಿಂತದ್ದು ಎರಡು ನಿಮಿಷ. ಗಾಡಿಯ ತುದಿಯಲ್ಲಿದ್ದ ಜನರಲ್ ಡಬ್ಬಿಯ ಕಡೆಗೆ ಅವರಿಬ್ಬರೂ ಕತ್ತಲೆಯಲ್ಲಿ ಓಡುವುದು ಕಿಟಕಿಯಿಂದ ಕಂಡಿತು. ಅವರು ಅಲ್ಲಿಗೆ ಮುಟ್ಟಿದರೋ ಇಲ್ಲವೋ ನನಗೆ ತಿಳಿಯದು. ನನ್ನ ಆಸನದಲ್ಲಿ ಸ್ವಲ್ಪ ಸರಿದು ಕುಳಿತರೆ ಆ ಹುಡುಗನಿಗೂ ಅಜ್ಜಿಗೂ ದೊಡ್ಡ ನಿಲ್ದಾಣ ಬರುವವರೆಗೆ ಜಾಗವಾಗುತ್ತಿತ್ತು. ತಪಾಸಣೆಯವರನ್ನು ಒಂದು ಮಾತು ಕೇಳಿಕೊಂಡಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಅವರದು ಕರ್ತವ್ಯ; ಅವರನ್ನು ದೂರುವಂತಿಲ್ಲ. ಉತ್ತರ ಕೊಡಬೇಕಾದವನು ನಾನು. ಯಾಕೆಂದರೆ ಆ ಮುದುಕಿ ಕೇಳಿದ್ದು ನಾನು ಅದುವರೆಗೆ ಹೊಗಳುತ್ತಿದ್ದ ಬಣ್ಣವನ್ನು ಕುರಿತು.

ಅವಳ ಪ್ರಶ್ನೆಯನ್ನು ನಾನು ನನ್ನ ಭಾಷೆಯಲ್ಲಿ ಹೀಗೆ ಇಟ್ಟುಕೊಂಡಿದ್ದೇನೆ: ಒಳಗೆ ಭೇದವಿದ್ದು ಹೊರಗೆ ಒಂದೇ ಬಣ್ಣ ಬಳಿಯುವುದು ಸುಳ್ಳೇ, ಅಲ್ಲವೇ?

ಸುಳ್ಳೆಂದು ಹೇಳುವವರಿಗೆ ಒಂದು ಉದಾಹರಣೆ ಸಿದ್ಧವಾಗಿದೆ. ಹಿಂದಿನ ರಷ್ಯಾ ಸಾಮ್ರಾಜ್ಯದಲ್ಲಿ ದರ್ಜೆಗೊಂದು ಬಣ್ಣವಿತ್ತು. ಮೊದಲನೆಯ ದರ್ಜೆಗೆ ನೀಲಿ, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ಹಸಿರು. ಅಲ್ಲಿ ನಮ್ಮ ಮುದುಕಿಗೆ ಡಬ್ಬಿ ತಪ್ಪುತ್ತಿರಲಿಲ್ಲ. ಓದು ಬಾರದವನಿಗೂ ತನ್ನ ಸ್ಥಾನ ಯಾವುದೆಂದು ಮೈಲಿಯಾಚೆಯಿಂದಲೇ ತಿಳಿಯುತ್ತಿತ್ತು. ಅದು ಪ್ರಾಮಾಣಿಕವಾದ ಗಾಡಿ. ಆದರೆ ಎಂಥ ಪ್ರಾಮಾಣಿಕತೆ! ಬಡವನು ಬಡವನೆಂಬುದನ್ನು ಅವನ ನೆತ್ತಿಯ ಮೇಲೆ ಹಚ್ಚಿ ಊರೂರಿಗೆ ಸಾರುತ್ತ ಹೋಗುವುದು. ಭೇದವನ್ನು ಬಚ್ಚಿಡದೆ ಹೇಳುವುದು ಸತ್ಯವಿರಬಹುದು; ಅದನ್ನು ನಾಚಿಕೆಯಿಲ್ಲದೆ ಹೇಳುವವನು ಅದನ್ನು ಎಂದೆಂದಿಗೂ ಇರತಕ್ಕದ್ದೆಂದು ನಂಬಿರುತ್ತಾನೆ. ಒಂದೇ ಬಣ್ಣ ಬಳಿದವನಲ್ಲಿ ಕಡೆಯ ಪಕ್ಷ ಒಂದಿಷ್ಟು ನಾಚಿಕೆ ಇದೆ. ಎಲ್ಲರೂ ಒಂದೇ ಗಾಡಿಯವರೆಂದು ತೋರಿಸಬೇಕೆಂಬ ಆಸೆ ಇದೆ. ಆಸೆ ಸುಳ್ಳಲ್ಲ.

ಹಾಗಾದರೆ ಅಷ್ಟಕ್ಕೇ ನಿಲ್ಲಬಹುದೆ? ನಮ್ಮ ದೇಶದ ರೈಲಿನ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. 1917ರಲ್ಲಿ ಗಾಂಧೀಜಿಯವರು ಮೂರನೆಯ ದರ್ಜೆಯ ಪ್ರಯಾಣದ ಕಷ್ಟವನ್ನು ಕುರಿತು ಪತ್ರಿಕೆಗಳಿಗೆ ಬರೆದರು. ಮುಂಬಯಿಯಿಂದ ಮದ್ರಾಸಿನವರೆಗೆ ತಾವೇ ಆ ದರ್ಜೆಯಲ್ಲಿ ಕುಳಿತು ಕಂಡ ನೂಕುನುಗ್ಗಲು, ಹೊಲಸು, ಇವುಗಳ ವಿವರ ಅದರಲ್ಲಿದೆ. ಅದಾಗಿ ಅರ್ಧ ಶತಮಾನಕ್ಕೂ ಮಿಕ್ಕಿದ ಮೇಲೆ, 1974ರಲ್ಲಿ, ಮೂರನೆಯ ದರ್ಜೆ ಎಂಬುದನ್ನೇ ತೆಗೆದುಹಾಕಲಾಯಿತು. ಮೂರನೆಯವರೆಲ್ಲ ಎರಡನೆಯವರಾದರು. ಒಳ್ಳೆಯ ಕೆಲಸವೇ. ಆದರೆ ಕುಳಿತುಕೊಳ್ಳುವ ಹಲಗೆ ಅದೇ ಮರದ ಹಲಗೆ. 1977ರಲ್ಲಿ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದ ಮೇಲೆ ಎರಡನೆಯ ದರ್ಜೆಯ ಮಲಗುವ ಹಲಗೆಗಳಿಗೆ 2 ಅಂಗುಲದ ಮೆತ್ತೆ ಹಾಕಿಸುವ ಕೆಲಸ ಮೊದಲಾಯಿತು. ಹೆಸರು ಬದಲಾದದ್ದು ಒಂದು ಆಜ್ಞೆಯಿಂದ. ಹಲಗೆ ಬದಲಾದದ್ದು 2 ಅಂಗುಲ ಮೆತ್ತೆಯಿಂದ. ರಾತ್ರಿಯೆಲ್ಲ ಮಲಗಿ ಬೆನ್ನು ನೋಯಿಸಿಕೊಂಡವನನ್ನು ಕೇಳಿದರೆ ಯಾವುದು ದೊಡ್ಡ ಸುಧಾರಣೆಯೆಂದು ಹೇಳಿಯಾನು. ಹಾಗೆಂದು ಮೊದಲನೆಯದು ವ್ಯರ್ಥವೆನ್ನಲಾರೆ. 'ನೀನು ಮೂರನೆಯವನಲ್ಲ' ಎಂದು ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ ಬರಿಯ ಹಲಗೆಯನ್ನು ತೋರಿಸುವುದು ಕಷ್ಟವಾಗುತ್ತದೆ. ಆಡಿದ ಮಾತು ಆಡಿದವನನ್ನೇ ಕಟ್ಟುತ್ತದೆ.

ಬಣ್ಣವೂ ಒಂದು ಮಾತೇ. ಅದು ನಿಜವನ್ನು ನುಡಿದ ಕಾಲವೂ ಉಂಟು. 1990ರ ದಶಕದಲ್ಲಿ ನಮ್ಮ ಇಟ್ಟಿಗೆಗೆಂಪು ಡಬ್ಬಿಗಳು ಒಂದೊಂದಾಗಿ ನೀಲಿಯಾದವು. ನಾವು ಅದನ್ನು ಬರಿಯ ಅಲಂಕಾರವೆಂದುಕೊಂಡೆವು. ವಾಸ್ತವವಾಗಿ ಅದು ಬ್ರೇಕಿನ ಗುರುತಾಗಿತ್ತು. ಹಳೆಯ ಡಬ್ಬಿಗಳದು ನಿರ್ವಾತ ಬ್ರೇಕು, ಕೊಳವೆಯೊಳಗಿನ ಗಾಳಿಯನ್ನು ಹೀರಿ ನಡೆಸುವಂಥದು. ನೀಲಿಯವುಗಳದು ಒತ್ತಿ ತುಂಬಿದ ಗಾಳಿಯಿಂದ ನಡೆಯುವಂಥದು. ಒಂದು ಬಗೆಯ ಡಬ್ಬಿಯನ್ನು ಇನ್ನೊಂದು ಬಗೆಯ ಗಾಡಿಗೆ ಜೋಡಿಸಿದರೆ ಅದರ ಬ್ರೇಕು ಕೆಲಸಕ್ಕೆ ಬಾರದು. ಯಾರ್ಡಿನಲ್ಲಿ ನಿಂತ ಕೆಲಸಗಾರನಿಗೆ ದೂರದಿಂದಲೇ ಬಣ್ಣ ಹೇಳಿಬಿಡುತ್ತಿತ್ತು: ಇದನ್ನು ಅದಕ್ಕೆ ಕೂಡಿಸಬೇಡ. ಗಾಡಿಯ ಮೈಯೆಲ್ಲ ಒಂದೇ ಬಣ್ಣವಾಗಿದ್ದರೆ, ಅಪಾಯ ಬಂದಾಗ ಎಲ್ಲ ಡಬ್ಬಿಗಳೂ ಒಟ್ಟಿಗೆ ನಿಲ್ಲುತ್ತವೆ ಎಂದು ಅದರ ಅರ್ಥ. ಹೊರಗಿನ ಏಕತೆಗೆ ಒಳಗಿನ ಏಕತೆಯ ಆಧಾರ ಇದ್ದುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಗೊತ್ತಿಲ್ಲ. ಮುಂದೆ 2018ರಲ್ಲಿ ಆ ನೀಲಿ ಡಬ್ಬಿಗಳಿಗೆ ತಿಳಿಹಳದಿ ಮತ್ತು ಕಂದು ಬಣ್ಣ ಬಳಿಯುವ ನಿರ್ಧಾರವಾಯಿತು. ಆ ಬಣ್ಣ ಬ್ರೇಕಿನ ವಿಷಯವಾಗಿ ಹೊಸದೇನನ್ನೂ ಹೇಳುತ್ತಿರಲಿಲ್ಲ. ಅದು ಕಣ್ಣಿಗಾಗಿ ಮಾಡಿದ್ದು. ಕಣ್ಣಿಗೂ ಅದರ ಹಕ್ಕಿದೆ. 1930ರಲ್ಲಿ ಡೆಕ್ಕನ್ ಕ್ವೀನ್ ಗಾಡಿ ಮೊದಲು ಓಡಿದಾಗ ಅದರ ಒಂದು ಸಾಲಿಗೆ ಬೆಳ್ಳಿಯ ಬಣ್ಣಕ್ಕೆ ಕೆಂಪಂಚು, ಇನ್ನೊಂದಕ್ಕೆ ಕಡುನೀಲಿಗೆ ಬಂಗಾರದ ಗೆರೆ ಇತ್ತಂತೆ. ಅಂದವನ್ನು ನಾನು ಹಳಿಯಲಾರೆ. ಅಂದ ನೋಡಿ ಒಳಗೆಲ್ಲ ಸರಿಯಿದೆಯೆಂದು ಕಣ್ಣು ಮುಚ್ಚಿಕೊಳ್ಳುವುದಷ್ಟೆ ತಪ್ಪು. ನಾನು ಆ ರಾತ್ರಿ ಮಾಡಿದ್ದು ಅದನ್ನೇ.

ಅಂತರಂಗ ಬಹಿರಂಗಗಳ ಈ ಜಿಜ್ಞಾಸೆ ನಮ್ಮ ಸೀಮೆಗೆ ಹೊಸದಲ್ಲ. ವಚನಕಾರರು ಎರಡರ ಶುದ್ಧಿಯನ್ನೂ ಒಟ್ಟಿಗೆ ಕೇಳಿದರು. ಒಂದನ್ನು ಬಿಟ್ಟು ಒಂದನ್ನಲ್ಲ. ನಮ್ಮ ಸದಲಗಾದಲ್ಲಿಯೇ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜಮೇರಿನಲ್ಲಿ ದಿಗಂಬರ ದೀಕ್ಷೆ ಪಡೆದು, 2024ರಲ್ಲಿ ಡೊಂಗರಗಢದಲ್ಲಿ ದೇಹ ಬಿಡುವವರೆಗೆ, ಬಟ್ಟೆಯನ್ನೂ ವಾಹನವನ್ನೂ ಬಿಟ್ಟು ಬರಿಗಾಲಿನಲ್ಲಿ ದೇಶ ಸುತ್ತಿದರು. ಹೊದಿಕೆಯೇ ಇಲ್ಲದವನಿಗೆ ಒಳಗು ಹೊರಗು ಎಂಬ ಭೇದ ಉಳಿಯುವುದಿಲ್ಲ. ಅದು ಮುನಿಗಳ ದಾರಿ. ಸಂಸಾರಿಗಳಾದ ನಮಗೆ ಬಟ್ಟೆ ಬೇಕು, ಗಾಡಿ ಬೇಕು, ಗಾಡಿಗೆ ಬಣ್ಣವೂ ಬೇಕು. ಶಾಲೆಯ ಮಕ್ಕಳಿಗೆ ಒಂದೇ ಸಮವಸ್ತ್ರ ತೊಡಿಸುತ್ತೇವೆ. ಅದರಿಂದ ಸಾಹುಕಾರನ ಮಗನೂ ಕೂಲಿಯವನ ಮಗನೂ ಸಮಾನರಾಗುವುದಿಲ್ಲ. ಅಂಗಿಯ ಬಣ್ಣ ಮಾಸಿದ್ದರಲ್ಲಿ, ಕಾಲಿನ ಚಪ್ಪಲಿಯಲ್ಲಿ ಭೇದ ಕಂಡೇ ಕಾಣುತ್ತದೆ. ಆದರೂ ಸಮವಸ್ತ್ರವನ್ನು ತೆಗೆಯಿರೆಂದು ನಾವು ಹೇಳುವುದಿಲ್ಲ. ಅದು ಗುರುಗಳಾದ ನಮಗೆ ದಿನವೂ ನೆನಪು ಮಾಡಿಕೊಡುತ್ತದೆ: ಇವರನ್ನು ಒಂದೇ ಸಮನಾಗಿ ನೋಡುತ್ತೇನೆಂದು ನೀನು ಮಾತು ಕೊಟ್ಟಿದ್ದೀಯೆ.

ಇನ್ನೊಂದು ಸಂಗತಿ. ಭೇದವನ್ನು ತೋರಿಸುವ ಗುರುತುಗಳೆಲ್ಲ ಅವಮಾನದ ಗುರುತುಗಳಲ್ಲ. ನಮ್ಮ ನೀಲಿ ಗಾಡಿಗಳಲ್ಲಿ ಕಾಯ್ದಿರಿಸದ ಡಬ್ಬಿಗಳ ತುದಿಗೆ ಓರೆಯಾದ ಪಟ್ಟೆಗಳನ್ನು ಎಳೆಯುವ ಪದ್ಧತಿ ಇತ್ತು. ಅಕ್ಷರ ಬಾರದವನು ದೂರದಿಂದಲೇ ಕಂಡು ಓಡಿಹೋಗಿ ಹತ್ತಲೆಂದು ಆ ಗುರುತು. ರಷ್ಯಾದ ಹಸಿರೂ ಗುರುತೇ, ಈ ಪಟ್ಟೆಯೂ ಗುರುತೇ. ಆದರೆ ಒಂದು ಇಡೀ ಡಬ್ಬಿಗೆ ದರ್ಜೆಯ ಮುದ್ರೆ ಒತ್ತುವುದು; ಇನ್ನೊಂದು ಗಾಡಿಯ ಬಣ್ಣವನ್ನು ಒಂದೇ ಆಗಿ ಉಳಿಸಿಕೊಂಡು, ಮೂಲೆಯಲ್ಲಿ ನಿಂತು ದಾರಿ ತೋರುವುದು. ಗುರುತು ಯಾರ ಹಿತಕ್ಕಾಗಿ ಎಂಬುದನ್ನು ನೋಡಿದರೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತದೆ. ಅಂಥ ಪಟ್ಟೆಗಳನ್ನು ಆ ರಾತ್ರಿ ಮುದುಕಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಾಡಿಯ ಮೈಮೇಲೆ ಬರೆದರೆ ಸಾಲದು. ಪಕ್ಕದಲ್ಲಿ ನಿಂತವನ ಬಾಯಿಯೂ ಬೇಕು.

ಆದುದರಿಂದ ನನಗೆ ತೋರುವುದು ಇಷ್ಟು. ಒಂದೇ ಬಣ್ಣವೆಂಬುದು ಸುಳ್ಳೂ ಅಲ್ಲ, ಸತ್ಯವೂ ಅಲ್ಲ. ಅದು ಬರೆದುಕೊಟ್ಟ ಸಾಲದ ಪತ್ರ. ತೀರಿಸುತ್ತ ಹೋದರೆ ಸತ್ಯವಾಗುತ್ತದೆ, ಪತ್ರವನ್ನೇ ಹಣವೆಂದು ತಿಳಿದರೆ ಸುಳ್ಳಾಗುತ್ತದೆ. ಹಣ ಹೆಚ್ಚು ಕೊಟ್ಟವನಿಗೆ ತಂಪುಗಾಳಿ, ಮೆತ್ತನೆಯ ಹಾಸಿಗೆ ದೊರೆಯಲಿ. ಅದಕ್ಕೆ ನನ್ನ ತಕರಾರಿಲ್ಲ. ಕೊನೆಯ ಡಬ್ಬಿಯವನಿಗೆ ಕುಳಿತುಕೊಳ್ಳುವಷ್ಟು ಜಾಗ, ಕುಡಿಯುವ ನೀರು, ಬಾಗಿಲಿಗೆ ಜೋತುಬೀಳದೆ ಊರು ಮುಟ್ಟುವ ಭರವಸೆ ಇವು ಇರದಿದ್ದರೆ, ಆ ಗಾಡಿಯ ಬಣ್ಣ ತೀರಿಸದ ಸಾಲ. 2023ರ ಕೊನೆಯಲ್ಲಿ ಹವಾನಿಯಂತ್ರಣವಿಲ್ಲದ ಅಮೃತ ಭಾರತ ಗಾಡಿಗಳು ಬಂದವು. ಮೊದಲ ಎರಡರಲ್ಲಿ ಒಂದು ಮಾಲ್ದಾದಿಂದ ಬೆಂಗಳೂರಿಗೆ. ಅವುಗಳಿಗೆ ಬಳಿದದ್ದು ಅದೇ ವರ್ಷ ವಂದೇ ಭಾರತಕ್ಕೆ ಬಳಿಯಲು ತೊಡಗಿದ್ದ ಕೇಸರಿ–ಬೂದು ಬಣ್ಣಗಳನ್ನೇ. ಬಡವನ ಗಾಡಿಗೆ ಉಳ್ಳವನ ಗಾಡಿಯ ಬಣ್ಣ! ಕಂಡು ಸಂತೋಷವಾಯಿತು. ಈಗ ನಾನು ಬಣ್ಣವನ್ನು ನೋಡಿದ ಮೇಲೆ ಕಿಟಕಿಯೊಳಗೆ ಎಷ್ಟು ಮಂದಿ ನಿಂತಿದ್ದಾರೆಂದೂ ನೋಡುತ್ತೇನೆ.

ಈಚೆಗೆ ನಿಲ್ದಾಣಕ್ಕೆ ಹೋದಾಗ ಸ್ವಲ್ಪ ಮುಂಚಿತವಾಗಿಯೇ ಹೋಗುತ್ತೇನೆ. ಚೀಲ ಹಿಡಿದು ಗೊಂದಲದಲ್ಲಿ ನಿಂತವರು ಕಂಡರೆ, ಅವರ ಡಬ್ಬಿ ಎಲ್ಲಿ ಬರುತ್ತದೆಂದು ವಿಚಾರಿಸಿ ತೋರಿಸುತ್ತೇನೆ. ಇದೇನೂ ದೊಡ್ಡ ಕೆಲಸವಲ್ಲ. ಆ ಮುದುಕಿಗೆ ಕೊಡಬೇಕಾಗಿದ್ದ ಒಂದು ಮೊಳ ಜಾಗ ಇದರಿಂದ ಸಂದಾಯವಾಯಿತೆಂದೂ ನಾನು ತಿಳಿದಿಲ್ಲ.