ಹೆಸರಿನ ಮುಂದಿನ ಅಕ್ಷರ

ಚೆನ್ನೈನ ಹಳೆಯ ವಸತಿ ಕಟ್ಟಡಗಳಲ್ಲಿ ಮೆಟ್ಟಿಲ ಬುಡದ ಗೋಡೆಯ ಮೇಲೆ ನಿವಾಸಿಗಳ ಹೆಸರಿನ ಫಲಕ ಇರುತ್ತದೆ. ಬೆಳಗ್ಗೆ ಹಾಲು ತರಲು ಇಳಿದಾಗ ನನ್ನ ಕಣ್ಣು ತಾನಾಗಿ ಅದರತ್ತ ಹೋಗುತ್ತದೆ. ಎಸ್. ರವಿ, ಕೆ. ಲಕ್ಷ್ಮಿ, ಎಂ. ಸೆಲ್ವಂ. ಹೆಸರಿನ ಮುಂದೆ ಒಂದೇ ಅಕ್ಷರ, ಹೆಚ್ಚಾಗಿ ಅಪ್ಪನದು. ಯಾವ ಊರು, ಯಾವ ಜಾತಿ ಎಂಬುದು ಅದರಿಂದ ತಿಳಿಯುವುದಿಲ್ಲ. ನಡುವೆ ಒಬ್ಬ ಮೆನನ್ ಅಥವಾ ಶರ್ಮಾ ಕಂಡರೆ ಹೊರಗಿನಿಂದ ಬಂದವರೆಂದು ಗೊತ್ತಾಗುತ್ತದೆ. ನಮ್ಮವರ ಗುರುತೂ ಹಾಗೆಯೇ ಸಿಗುತ್ತದೆ: ರಾವ್, ಶೆಟ್ಟಿ, ಹೆಗಡೆ, ಗೌಡ. ಹೆಗಡೆ ಎಂದು ಓದಿದರೆ ನನಗೆ ಶಿರಸಿಯ ಅಡಿಕೆ ತೋಟ ನೆನಪಾಗುತ್ತದೆ. ಪಕ್ಕದ ಮನೆಯ ತಮಿಳರಿಗೆ ಅದರಲ್ಲಿ ಜಾತಿಯೇ ಮೊದಲು ಕಾಣುತ್ತದೆ. ಅವರು ತಪ್ಪು ಕಂಡರು ಎನ್ನಲಾರೆ. ಆ ಹೆಸರಿನಲ್ಲಿ ಎರಡೂ ಇವೆ.

ಈ ನೋಟಕ್ಕೆ ಇಲ್ಲಿ ಒಂದು ಚರಿತ್ರೆಯಿದೆ. 1929ರ ಫೆಬ್ರುವರಿಯಲ್ಲಿ ಮದರಾಸಿನ ಪಕ್ಕದ ಚೆಂಗಲ್ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಚಳವಳಿಯ ಸಮ್ಮೇಳನ, ಜಾತಿ ಹೇಳುವ ಉಪನಾಮಗಳನ್ನು ಕೈಬಿಡಬೇಕೆಂದು ನಿರ್ಣಯಿಸಿತು. ಆ ಚಳವಳಿಯ ನಾಯಕ ಪೆರಿಯಾರರ ಮನೆಮಾತು ಕನ್ನಡ. ಈ.ವೆ. ರಾಮಸ್ವಾಮಿ ಎಂಬಲ್ಲಿ ಈ ಎಂದರೆ ಈರೋಡು, ವೆ ಎಂದರೆ ತಂದೆ ವೆಂಕಟಪ್ಪ. ಹಿಂದಿದ್ದ ನಾಯ್ಕರ್ ಎಂಬುದನ್ನು ಅವರು ಬಿಟ್ಟರು. ಮಲೆನಾಡಿನ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿನಲ್ಲಿಯೂ ಇದೇ ಕ್ರಮವಿದೆ. ಊರು ಮೊದಲು, ಆಮೇಲೆ ಅಪ್ಪ, ಕೊನೆಗೆ ತಾನು. ಇಬ್ಬರ ತಂದೆಯೂ ವೆಂಕಟಪ್ಪ ಎಂಬುದು ಆಕಸ್ಮಿಕ. ಆದರೆ ಪುಟ್ಟಪ್ಪನವರ ಅಪ್ಪನ ಹೆಸರಿಗಂಟಿದ್ದ ಗೌಡ ಮಗನ ಹೆಸರಿನಲ್ಲಿ ಮುಂದುವರಿಯಲಿಲ್ಲ ಎಂಬುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಹೆಸರಿನಿಂದ ಹೋದ ಮಾತ್ರಕ್ಕೆ ಜಾತಿ ತಮಿಳುನಾಡಿನ ಮನಸ್ಸಿನಿಂದ ಹೋಗಲಿಲ್ಲ, ನಿಜ. ಆದರೂ ಶಾಲೆಯಲ್ಲಿ ಹಾಜರಿ ಕರೆಯುವಾಗ ಮಗುವಿನ ಜಾತಿಯನ್ನು ಇಡೀ ತರಗತಿಗೆ ಕೂಗಿ ಹೇಳದಿರುವುದು ಸಣ್ಣ ಸಂಗತಿಯಲ್ಲ. ಈ ವಿಷಯದಲ್ಲಿ ನಾವು ಕನ್ನಡಿಗರು ತಮಿಳರಿಂದ ಕಲಿಯುವುದು ಇನ್ನೂ ಇದೆ ಎಂದೇ ನಾನು ನಂಬಿದ್ದೇನೆ.

ಬಿಡಬಾರದ್ದು ಊರು. ಮದರಾಸಿಗೆ ಉಡುಪಿಯ ಊಟದ ರುಚಿ ಹತ್ತಿಸಿದ ವುಡ್‌ಲ್ಯಾಂಡ್ಸ್‌ನ ಕೆ. ಕೃಷ್ಣರಾಯರ ‘ಕೆ’ ಎಂದರೆ ಕಡಂದಲೆ, ಅವರು ಹುಟ್ಟಿದ ಹಳ್ಳಿ. ಊರಿನಿಂದ ಬರಿಗೈಯಲ್ಲಿ ಬಂದು, ಮೌಂಟ್ ರೋಡಿನಲ್ಲಿ ಹೋಟೆಲು ತೆರೆದು, ಮುಂದೆ ಈ ನಗರದ ದೊಡ್ಡ ಮನುಷ್ಯರಲ್ಲಿ ಒಬ್ಬರಾದರೂ ಆ ಅಕ್ಷರ ಮಾತ್ರ ಹೆಸರಿನ ಮುಂದೆಯೇ ಉಳಿಯಿತು.

ಚೆಂಗಲ್ಪಟ್ಟಿನ ಸಮ್ಮೇಳನ ನಡೆದ ಅದೇ 1929ರ ಏಪ್ರಿಲ್‌ನಲ್ಲಿ ಗಾಜನೂರಿನಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಿಗೆ ಮುತ್ತುರಾಜ ಹುಟ್ಟಿದ. ಗಾಜನೂರು ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1956ರಲ್ಲಿ ಗಡಿ ಎಳೆದಾಗ ಸಿಂಗಾನಲ್ಲೂರಿರುವ ಕೊಳ್ಳೇಗಾಲ ಮೈಸೂರಿಗೆ ಬಂತು, ಗಾಜನೂರಿರುವ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಹೆಸರಿನೊಳಗಿನ ಸಿಂಗಾನಲ್ಲೂರು ಈಗ ಕರ್ನಾಟಕದಲ್ಲಿದೆ, ಹುಟ್ಟಿದ ಗಾಜನೂರು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಈ ಮುತ್ತುರಾಜನಿಗೆ ರಾಜಕುಮಾರ್ ಎಂದು ಹೆಸರಿಟ್ಟರು. ಮಕ್ಕಳಾದ ಶಿವರಾಜ್‌ಕುಮಾರ್ ಮತ್ತು ಪುನೀತ್ ಹುಟ್ಟಿದ್ದು ಮದರಾಸಿನಲ್ಲಿ. ಅಪ್ಪನ ತೆರೆಯ ಹೆಸರು ಒಂದೇ ತಲೆಮಾರಿನಲ್ಲಿ ಮನೆತನದ ಹೆಸರಾಯಿತು, ಸಿಂಗಾನಲ್ಲೂರು ಹಿಂದೆ ಸರಿಯಿತು. ರಾಜಕುಮಾರರಷ್ಟು ಕನ್ನಡಿಗರು ಯಾರೆಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಅನುಮಾನವಿಲ್ಲ. ಆ ಕನ್ನಡತನ ಬೆಳೆದದ್ದು ಗಡಿಯ ಆಚೆಯ ಹಳ್ಳಿಯಲ್ಲಿ, ಕೋಡಂಬಾಕ್ಕಮ್ಮಿನ ಸ್ಟುಡಿಯೋಗಳಲ್ಲಿ.

ಸಮುದ್ರ ದಾಟಿದ ಹೆಸರುಗಳ ಪಾಡೂ ಹೀಗೆಯೇ. ಚೆನ್ನೈನ ಬೆಸೆಂಟ್ ನಗರದಲ್ಲಿ ನೆಲೆಸಿದ್ದ ಪಿ.ವಿ. ಗೋಪಾಲನ್ನರ ‘ಪಿ’ ಎಂದರೆ ಪೈಂಗನಾಡು, ಕಾವೇರಿ ಬಯಲಿನ ಒಂದು ಹಳ್ಳಿ. ಮಗಳು ಶ್ಯಾಮಲಾ 1958ರಲ್ಲಿ ಅಮೆರಿಕದ ಬರ್ಕ್ಲಿಗೆ ಓದಲು ಹೋದರು. ಅಪ್ಪನ ಸ್ವಂತ ಹೆಸರು ಅಲ್ಲಿ ಮಗಳ ಮನೆತನದ ಹೆಸರಾಯಿತು, ಹಳ್ಳಿ ಉದುರಿಹೋಯಿತು. ಮೊಮ್ಮಗಳು ಕಮಲಾ ಹ್ಯಾರಿಸ್ ಉಪಾಧ್ಯಕ್ಷೆಯಾಗುವವರೆಗೆ ಏರಿದರೂ ನೀನು ಕಪ್ಪು ಅಮೆರಿಕನ್ನಳೋ ಭಾರತೀಯ-ಅಮೆರಿಕನ್ನಳೋ ಎಂದು ಜನ ಕೇಳುತ್ತಲೇ ಇದ್ದರು. ಆ ನಡುವಿನ ಸಣ್ಣ ಗೀಟಿನ ಮೇಲೆ ಅಲ್ಲಿಯವರಿಗೆ ಬಹಳ ಹಿಂದಿನಿಂದಲೂ ಅನುಮಾನ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರ ಅಕ್ಟೋಬರ್‌ನಲ್ಲಿ, ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ನ್ಯೂಯಾರ್ಕಿನ ಸಭೆಯೊಂದರಲ್ಲಿ ಗೀಟು ಹಾಕಿಕೊಂಡ ಅಮೆರಿಕನ್ನರಿಗೆ ಈ ದೇಶದಲ್ಲಿ ಜಾಗವಿಲ್ಲವೆಂದು ಗುಡುಗಿದ್ದರು.

ನಮ್ಮಲ್ಲಿ ಇಷ್ಟು ಬಿಡಿಸಿ ಹೇಳುವವರಿಲ್ಲ, ಆದರೆ ಕಾವೇರಿಯ ಗಲಾಟೆ ಎದ್ದಾಗ ಪ್ರಶ್ನೆ ಅದೇ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಸುಟ್ಟವು. ಅದೇ ದಿನಗಳಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಆ ಹೋಟೆಲಿನಲ್ಲಿ ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರು ಕಾಫಿ ಕುಡಿದ ತಮಿಳರಿದ್ದಾರೆ. ಹೆಸರು ಇಂಗ್ಲಿಷಿನದು, ಗಿರಾಕಿಗಳು ಈ ಊರಿನವರು. ಆದರೂ ಎಸೆದವರಿಗೆ ಕಡಂದಲೆ ಮಾತ್ರ ಕಂಡಿತು. ಅಂಥ ದಿನಗಳಲ್ಲಿ ಚೆನ್ನೈನ ಕನ್ನಡಿಗರು ಬಸ್ಸಿನಲ್ಲಿ ಫೋನು ಬಂದರೆ ಮೆಲ್ಲಗೆ ಮಾತಾಡುತ್ತಾರೆ, ಬೆಂಗಳೂರಿನ ತಮಿಳರೂ ಅಷ್ಟೇ. ನನಗೆ ಈ ಇಬ್ಬರೂ ಒಂದೇ ಊರಿನವರು ಅನಿಸುತ್ತದೆ. ಎರಡು ನೆಲಗಳನ್ನು ಪ್ರೀತಿಸುವವರನ್ನು, ಯಾವುದು ನಿನ್ನದು, ಒಂದನ್ನು ಆರಿಸು ಎಂದು ಕೇಳುವುದು ಕ್ರೌರ್ಯ.

ಸರ್ಕಾರದ ಕಾಗದವೂ ಆರಿಸು ಎನ್ನುತ್ತದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಉಪನಾಮಕ್ಕೆ ಒಂದು ಜಾಗ, ಸ್ವಂತ ಹೆಸರಿಗೆ ಒಂದು ಜಾಗ. ಹೆಸರಿನೊಳಗಿನ ಊರಿಗೆ ಇಲ್ಲ. ಒಂದೇ ಹೆಸರಿನವರು ಅಮೆರಿಕದ ವೀಸಾ ಪಡೆದರೆ ಮೊದಲ ಹೆಸರು ತಿಳಿಯದು ಎಂದೇ ಅಚ್ಚಾಗುತ್ತದೆ. ನಮ್ಮ ಮಕ್ಕಳು ಇದಕ್ಕೆ ಹೆದರಿ, ಮೊದಲೇ ಅಪ್ಪನ ಹೆಸರನ್ನು ಉಪನಾಮವಾಗಿ ಬರೆದುಬಿಡುತ್ತಾರೆ.

ಇಷ್ಟೆಲ್ಲದರಲ್ಲಿ ಅಮ್ಮ ಎಲ್ಲಿಯೂ ಇಲ್ಲ. ಊರು, ಅಪ್ಪ, ಜಾತಿ, ತೆರೆಯ ಹೆಸರು, ಎಲ್ಲಕ್ಕೂ ಅಕ್ಷರ ಸಿಕ್ಕಿತು. ತಂದೆ ತೀರಿಕೊಂಡ ಮೇಲೆ ಮಗುವಿನ ಏಕೈಕ ಸಹಜ ಪೋಷಕಿಯಾದ ತಾಯಿಗೆ ಅದರ ಉಪನಾಮ ನಿರ್ಧರಿಸುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಬೇಕಾದದ್ದು 2022ರಲ್ಲಿ. ಅಪ್ಪ ಜೊತೆಗಿರುವ ಮನೆಗಳಲ್ಲಿ ಇದು ಕೋರ್ಟಿನ ಕೆಲಸವಾಗಬಾರದು. ಈಚೆಗೆ ಪರಿಚಯದ ಮನೆಯೊಂದರಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಚೆನ್ನೈನ ಅಯನಾವರದಲ್ಲಿ ಬೆಳೆದ ಕನ್ನಡದ ಹುಡುಗಿ, ತಂದೆ ಮಧುರೆಯ ತಮಿಳ. “ಇನಿಷಿಯಲ್ ಏನು ಹಾಕ್ತೀರಪ್ಪಾ?” ಎಂದು ಅಜ್ಜಿ ಅಳಿಯನನ್ನು ಕೇಳಿದರು. “ಎರಡು ಹಾಕ್ತೀವಿ ಅತ್ತೆ, ಅವಳದು ಮೊದಲು” ಎಂದ. ಅಜ್ಜಿ ಅಲ್ಲಿಗೇ ಬಿಡಲಿಲ್ಲ. ತಮ್ಮ ತವರೂರಿನ ಹೆಸರು ಹೇಳಿ, ಅದಕ್ಕೂ ಒಂದು ಅಕ್ಷರ ಇರಲಿ ಎಂದು ಹಟ ಹಿಡಿದರು. ನಾನು ಕೇಳುವಾಗ ಅದಿನ್ನೂ ತೀರ್ಮಾನವಾಗಿರಲಿಲ್ಲ. ನನ್ನ ಮತ ಅಜ್ಜಿಗೆ.